ಹದಿನಾಲ್ಕು ಹಲ್ಲಿನವಳು

ಯಾರಿಗೂ ಹೇಳದ ಒಂದು ಸಣ್ಣ ಚಿಂತೆ ನನಗಿದೆ. ನನ್ನ ಹದಿನಾಲ್ಕು ಹಲ್ಲುಗಳಲ್ಲಿ ಒಂದು ಹುಟ್ಟಿನಿಂದಲೇ ಕೂದಲೆಳೆಯಷ್ಟು ಓರೆಯಾಗಿದೆಯೇನೋ ಎಂದು. ಹಾಗೆಂದು ಯಾರೂ ಅಂದಿಲ್ಲ. ಆದರೆ ನನ್ನನ್ನು ಸರಿಯಾಗಿ ನೋಡಿದವರಾದರೂ ಎಷ್ಟು ಜನ? ನಾನು ಮೋಟರ್‌ಸೈಕಲ್ಲಿನ ಮುಂದಿನ ಸ್ಪ್ರಾಕೆಟ್, ಅಂದರೆ ಒಂದು ಸಣ್ಣ ಹಲ್ಲಿನ ಚಕ್ರ. ಎಂಜಿನ್ನಿನ ಎಡಬದಿಯಲ್ಲಿ, ಒಂದು ಕವರಿನ ಒಳಗೆ, ಎಣ್ಣೆ ಮಣ್ಣು ಕಲೆತ ಕತ್ತಲಲ್ಲಿ ತಿರುಗುವವಳು. ಎಂಜಿನ್ನಿನ ಬಲವನ್ನು ಚೈನಿಗೆ ದಾಟಿಸುವುದು ನನ್ನ ಕೆಲಸ. ಹಿಂದಿನ ಗಾಲಿಯಲ್ಲಿರುವ ದೊಡ್ಡ ಸ್ಪ್ರಾಕೆಟ್ಟನ್ನು ಎಲ್ಲರೂ ನೋಡುತ್ತಾರೆ, ಬ್ರಷ್ ಹಾಕಿ ಉಜ್ಜುತ್ತಾರೆ. ನಾನೊಬ್ಬಳು ಇದ್ದೇನೆಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಅದು ನನಗೆ ಒಗ್ಗಿಯೂ ಹೋಗಿದೆ.

ನಾನು ಹುಟ್ಟಿದ್ದು ತಗಡಿನ ಸೂರಿನ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ಹಲಗೆಯಿಂದ ನನ್ನನ್ನು ಕತ್ತರಿಸಿದರು, ಹಲ್ಲು ಕೊರೆದರು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಆ ಚುರ್ ಎಂಬ ಸದ್ದೇ ನನ್ನ ಮೊದಲ ಅಳು. ಆಮೇಲೆ ಚೈನು, ದೊಡ್ಡ ಸ್ಪ್ರಾಕೆಟ್, ನಾನು, ಮೂವರನ್ನೂ ಒಂದೇ ರಟ್ಟಿನ ಡಬ್ಬಿಯಲ್ಲಿ ಮಲಗಿಸಿದರು.

ಡಬ್ಬಿ ತೆರೆದದ್ದು ಅರಸೀಕೆರೆಯಲ್ಲಿ, ಮೋನಪ್ಪಾಚಾರ್ರ ಗ್ಯಾರೇಜಿನಲ್ಲಿ. ಆಚಾರ್ರಿಗೆ ಅರವತ್ತು ದಾಟಿತ್ತು. ಅವರ ಅಪ್ಪ ಕುಲುಮೆಯಲ್ಲಿ ಕುಡುಗೋಲು ಬಡಿಯುತ್ತಿದ್ದವರಂತೆ. ಗಾಡಿ ಟೈಲ್ಸ್ ಕೆಲಸದ ರಂಗಯ್ಯನದು. ನನಗಿಂತ ಮೊದಲು ಅಲ್ಲಿದ್ದವಳ ಹಲ್ಲುಗಳು ಸವೆದು ಮೀನಿನ ಗಾಳದಂತೆ ಬಾಗಿದ್ದವು. ಆಚಾರ್ರು ಅವಳನ್ನು ಎಳೆದು ಹಳೆಯ ಕಬ್ಬಿಣದ ಡಬ್ಬಕ್ಕೆ ಹಾಕಿದರು. ಬಿದ್ದ ಸದ್ದು ಕೇಳಿ ನನಗೆ ಹೇಗೋ ಆಯಿತು.

"ಮುಂದಿಂದು ಒಂದೇ ಹಾಕ್ಬುಡಿ ಆಚಾರ್ರೆ, ಚೈನು ಇನ್ನೂ ಓಡ್ತದೆ" ಎಂದ ರಂಗಯ್ಯ.

"ಹಳೇ ಚೈನಿಗೆ ಹೊಸ ಹಲ್ಲು ಕೊಟ್ರೆ ಮೂರೇ ತಿಂಗ್ಳು ರಂಗಣ್ಣ. ಮುದುಕಂಗೆ ಎಳೇ ಹೆಂಡ್ತಿ ತಂದಂಗೆ, ಇಬ್ರೂ ಉಳಿಯಲ್ಲ."

"ಥೂ, ಸುಮ್ಕಿರಿ ಮಾರಾಯ್ರೆ, ಮಗಳು ಇಲ್ಲೇ ಅವ್ಳೆ."

ಮಗಳು ಕೋಮಲ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದಳು. ಬಿ.ಎಸ್ಸಿ. ಮುಗಿಸಿದ ಹುಡುಗಿ. ನಗು ಬಂದರೂ ನಗದೆ ಪಾನಾಗಳ ಕಡೆ ನೋಡುತ್ತಿದ್ದಳು. ಯಾವ ನಟ್ಟಿಗೆ ಯಾವ ಪಾನಾ, ಎಡಕ್ಕೆಷ್ಟು ಸುತ್ತು, ಬಲಕ್ಕೆಷ್ಟು, ಒಂದನ್ನೂ ಬಿಡದೆ ನೋಡಿದಳು. ಅವಳ ಕಣ್ಣು ನನ್ನ ಮೇಲೆ ನಿಂತಷ್ಟು ಹೊತ್ತು ಬೇರೆ ಯಾರ ಕಣ್ಣೂ ನಿಂತಿಲ್ಲ.

ಕೊನೆಗೆ ಆಚಾರ್ರು ಎಂದಿನಂತೆ, "ಸ್ಟ್ಯಾಂಡ್ ತೆಗ್ದು ಹತ್ತಿ ಕೂತ್ಕಳಿ ರಂಗಣ್ಣ" ಎಂದರು. ರಂಗಯ್ಯ ಕೂತು, ಮನೆ ಕಟ್ಟಿಸುವವರ ಜಿಪುಣತನದ ಕತೆ ಶುರು ಮಾಡಿದ. ಆಚಾರ್ರು ಬಗ್ಗಿ, ಚೈನಿನ ನಡುವಿಗೆ ಬೆರಳು ಕೊಟ್ಟು ಎತ್ತಿ ಇಳಿಸಿ, ಎಷ್ಟು ಆಟ, ಅಂದರೆ ಸಡಿಲ, ಉಳಿದಿದೆಯೆಂದು ನೋಡಿದರು. ಮೇಲೆ ಭಾರ ಕೂತರೆ ಗಾಡಿ ತಗ್ಗುತ್ತದೆ, ತಗ್ಗಿದರೆ ಚೈನು ಎಳೆದುಕೊಳ್ಳುತ್ತದೆ. ಹಾಗಾಗಿ ಅವರು ಒಡೆಯನನ್ನು ಕೂರಿಸದೆ ಯಾವ ಚೈನನ್ನೂ ಬಿಗಿದವರಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಆ ಅಂಗಡಿಯಲ್ಲಿ ಬೆಂಚೂ ಇರಲಿಲ್ಲ. ಕೂರಲು ಬೇರೆ ಜಾಗವಿಲ್ಲದೆ ಗಾಡಿಯ ಮೇಲೆ ಕೂರಿಸುತ್ತಾರೆ ಎಂದೇ ಕೋಮಲ ತಿಳಿದಳು.

"ಹೊಸ ಚೈನು, ಐನೂರು ಕಿಲೋಮೀಟ್ರಿಗೆ ಒಂದ್ಸಲ ಸಡ್ಲ ಆಯ್ತದೆ. ತಗಬನ್ನಿ, ನಾನೇ ನೋಡ್ತೀನಿ" ಎಂದು ಕಳಿಸಿಕೊಟ್ಟರು.

ಅವರೆಂದಂತೆಯೇ ಚೈನು ಸಡಿಲವಾಗಿ ಟಪಟಪ ಬಡಿಯತೊಡಗಿತು. ರಂಗಯ್ಯನಿಗೆ ಬಿಡುವಿರಲಿಲ್ಲ. "ಆಚಾರ್ರ ತಾವ ಹೋಗಿ ಬಿಗಿ ಮಾಡಿಸ್ಕಂಡ್ ಬಾರವ್ವ" ಎಂದು ಮಗಳಿಗೆ ಕೀ ಕೊಟ್ಟ. ಕೋಮಲ ಗಾಡಿ ಚೆನ್ನಾಗಿಯೇ ಓಡಿಸುತ್ತಿದ್ದಳು. ಗ್ಯಾರೇಜಿನ ಓಣಿಯ ಬಾಯಿಯವರೆಗೂ ಬಂದಳು. ಅಲ್ಲಿ ಮೋರಿ ಕಟ್ಟೆಯ ಮೇಲೆ ಐದಾರು ಗಂಡಸರು ಕೂತಿದ್ದರು.

"ಏನ್ ಮೇಡಂ, ಕಾಲು ನೆಲ ಮುಟ್ತದಾ?" ಎಂದ ಒಬ್ಬ.

"ಹಿಂದ್ಗಡೆ ಯಾರಾದ್ರೂ ಹಿಡ್ಕಬೇಕಾ ಕೇಳೋ" ಎಂದ ಇನ್ನೊಬ್ಬ.

ಗಾಡಿ ಅಲ್ಲೇ ನಿಂತುಹೋಯಿತು. ಕಿಕ್ಕರ್ ತುಳಿದಳು, ಮತ್ತೆ ತುಳಿದಳು. ನಗು ಜಾಸ್ತಿಯಾಯಿತು. ಗ್ಯಾರೇಜಿಗೆ ಇನ್ನು ಹತ್ತೇ ಅಂಗಡಿ. ಅವಳು ಗಾಡಿ ತಿರುಗಿಸಿಬಿಟ್ಟಳು.

ಮನೆಯ ಹಿಂದೆ, ಒಗೆಯುವ ಕಲ್ಲಿನ ಪಕ್ಕ, ಅವಳೇ ಕೆಲಸಕ್ಕೆ ಕೂತಳು. ದೊಡ್ಡ ಸ್ಟ್ಯಾಂಡ್ ಹಾಕಿದಳು. ಹಿಂದಿನ ನಟ್ಟು ಸಡಿಲಿಸಿ, ಎರಡೂ ಕಡೆ ಸ್ಕೇಲಿನಲ್ಲಿ ಅಳೆದು ಸಮ ಮಾಡಿದಳು. ಆಚಾರ್ರಿಗೂ ಅಷ್ಟು ನಾಜೂಕು ಬರುವುದಿಲ್ಲ. ಆಟವೇ ಇರದ ಹಾಗೆ ಬಿಗಿದಳು. ಮೇಲೆ ಯಾರೂ ಕೂತಿರಲಿಲ್ಲ. ಚೈನು ನನ್ನನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು. ಕೈಯಲ್ಲಿ ಮುಟ್ಟಿ ನೋಡಿ ಅವಳಿಗೆ ಖುಷಿಯಾಯಿತು. ಸಂಜೆ ಅಪ್ಪ ಕೇಳಿದಾಗ, "ಆಚಾರ್ರು ಮಾಡ್ಕೊಟ್ರು" ಎಂದಳು. ಓಣಿಯ ಬಾಯಿಂದ ತಿರುಗಿ ಬಂದೆ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು.

ಮೂರನೆಯ ದಿನ ರಂಗಯ್ಯ ಹಿಂದೆ ಎರಡು ಮೂಟೆ ಟೈಲ್ಸ್ ಗಮ್ಮು, ಕಟಿಂಗ್ ಮಿಷನ್ನು ಕಟ್ಟಿಕೊಂಡು ಹೊರಟ. ರೈಲ್ವೆ ಗೇಟಿನ ಉಬ್ಬಿನಲ್ಲಿ ಗಾಡಿ ಕುಸಿದು ಕೂತಾಗ ಚೈನು ಹರಿಯಿತು. ಹರಿದದ್ದು ಬಂದು ನನ್ನ ಮೈಗೆ ಸುತ್ತಿಕೊಂಡಿತು. ನನ್ನ ಎರಡು ಹಲ್ಲು ಹೋದವು. ಗಾಲಿ ಗಕ್ಕನೆ ಕಚ್ಚಿಕೊಂಡು ನಿಂತು ಗಾಡಿ ಉರುಳಿತು. ರಂಗಯ್ಯನ ಬಲಮಂಡಿ ಚೂರಾಯಿತು. ಟೈಲ್ಸ್ ಕೆಲಸದವನ ಅನ್ನವೆಲ್ಲ ಮಂಡಿಯಲ್ಲೇ ಇರುತ್ತದೆ.

"ಆಚಾರಿ ಅರೆಗಣ್ಣಲ್ಲಿ ಬಿಗಿದು ನನ್ನ ಕಾಲು ಕಳೆದ" ಎಂದು ಅವನು ನೋಡಲು ಬಂದವರಿಗೆಲ್ಲ ಹೇಳಿದ. ಕೋಮಲ ಪಕ್ಕದಲ್ಲೇ ನಿಂತು ಬಂದವರಿಗೆ ಕಾಫಿ ಕೊಟ್ಟಳಂತೆ. ಗಾಡಿಯನ್ನು ಲಗೇಜ್ ಆಟೋದಲ್ಲಿ ಗ್ಯಾರೇಜಿಗೆ ತಂದು ಇಳಿಸಿದವರು ಇದನ್ನೆಲ್ಲ ಆಡಿಕೊಂಡರು.

ಆಚಾರ್ರು ಕವರ್ ಬಿಚ್ಚಿ ನನ್ನನ್ನು ಕೈಗೆತ್ತಿಕೊಂಡರು. "ಈ ಬಿಗಿ ನನ್ ಕೈಯಿಂದಲ್ಲ. ಗಾಡಿ ಬಂದೇ ಇರ್ನಿಲ್ಲ" ಎಂದರು. ಯಾರೂ ನಂಬಲಿಲ್ಲ. ಓದಿದ ಹುಡುಗಿ, ಗಟ್ಟಿಯಾಗಿ ಮಾತೂ ಆಡದವಳು, ಸುಳ್ಳು ಹೇಳುತ್ತಾಳೆಯೇ? ನನಗೂ ನನ್ನ ಓರೆ ಹಲ್ಲಿನ ಮೇಲೇ ಅನುಮಾನ ಬಂದಿತ್ತು. ಆದರೆ ಆ ಒಗೆಯುವ ಕಲ್ಲಿನ ಪಕ್ಕದ ಮಧ್ಯಾಹ್ನ ನನಗೆ ಗೊತ್ತಿತ್ತು.

ಗ್ಯಾರೇಜಿನ ಗೋಡೆಯ ಮೊಳೆಗೆ ತೂಗುಬಿದ್ದು ನಾನು ನೋಡಿದ್ದು ಮುಂದಿನ ಎರಡು ತಿಂಗಳು. ಟೈಲ್ಸಿನವರು, ಗಾರೆಯವರು ಬರುವುದು ಬಿಟ್ಟರು. ಅದನ್ನು ಆಚಾರ್ರು ತಡೆದುಕೊಂಡರು. ತಡೆಯಲಾಗದ್ದು ಬೇರೆ. "ಬಂದಿತ್ತೇನೋ, ನಂಗೇ ಮರ್ತೋಯ್ತೇನೋ" ಎಂದು ಅವರೇ ಹೇಳಿಕೊಳ್ಳತೊಡಗಿದರು. ಬಿಗಿದ ನಟ್ಟನ್ನು ಮೂರು ಸಲ ಮುಟ್ಟಿ ನೋಡುವರು. ಬಂದ ಗಾಡಿಯ ನಂಬರನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಇದ್ಯಾವ ಗಾಡಿ ಎಂದು ಅದನ್ನೇ ದಿಟ್ಟಿಸುವರು. ನಲವತ್ತು ವರ್ಷ ನಂಬಿದ ಕೈಯನ್ನು ಒಬ್ಬ ಮನುಷ್ಯ ಅನುಮಾನದಿಂದ ನೋಡಿಕೊಳ್ಳುವುದಿದೆಯಲ್ಲ, ನನ್ನ ಹಲ್ಲು ಮುರಿದಾಗ ಅಷ್ಟು ನೋವಾಗಿರಲಿಲ್ಲ. ಕಬ್ಬಿಣ ಮುರಿದರೆ ಸದ್ದಾಗುತ್ತದೆ. ಇದಕ್ಕೆ ಸದ್ದೇ ಇರಲಿಲ್ಲ.

ಒಂದು ಬೆಳಿಗ್ಗೆ ಪಾನಾಗಳನ್ನೆಲ್ಲ ಒರೆಸಿ ಗೋಣಿಚೀಲಕ್ಕೆ ತುಂಬಿದರು. ನನ್ನನ್ನು ಹಳೆ ಬನಿಯನ್ನಿನಲ್ಲಿ ಸುತ್ತಿಕೊಂಡು ರಂಗಯ್ಯನ ಮನೆಗೆ ನಡೆದರು.

ರಂಗಯ್ಯ ಕಾಲು ನೀಡಿ ಮಂಚದ ಮೇಲಿದ್ದ. "ಏನಕ್ಕೆ ಬಂದ್ರಿ? ಇನ್ನೊಂದ್ ಕಾಲು ಐತೆ ಅಂತ್ಲಾ?" ಎಂದ.

ಆಚಾರ್ರು ನನ್ನನ್ನು ನೆಲದ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತರು. "ತಪ್ಪಾಯ್ತು ರಂಗಣ್ಣ. ನಾನೇ ಬಿಗಿದಿರ್ಬೇಕು. ಅಂಗ್ಡಿ ಮುಚ್ತಾ ಇವ್ನಿ. ನೆಪ್ಪಿಲ್ದೋನು ಜನ ಕೂರೋ ಗಾಡಿ ಮುಟ್ಬಾರ್ದು."

ರಂಗಯ್ಯ ಮುಖ ತಿರುಗಿಸಿದ. ಕೋಮಲ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಚಾರ್ರು ಅವಳ ಕಡೆ ನೋಡಿದರು.

"ನೀನೇ ಅಲ್ವೇನವ್ವ ಗಾಡಿ ತಂದಿದ್ದು? ಎಷ್ಟ್ ಹೊತ್ತಲ್ಲಿ ಬಂದಿದ್ದೆ? ಯಾವ ಬಣ್ಣದ ಬಟ್ಟೆ ಹಾಕಿದ್ದೆ? ನಾನೇನಾದ್ರೂ ಮಾತಾಡಿದ್ನಾ? ಒಂದೀಟು ಹೇಳು ತಾಯಿ, ನೆಪ್ಪಾದ್ರೂ ಆಗ್ಲಿ. ಬರೀ ಕತ್ಲೆ ಆಗೋಗದೆ."

ಅವಳು ಹತ್ತಿರ ಬಂದು ಲೋಟವನ್ನು ನನ್ನ ಪಕ್ಕ ನೆಲಕ್ಕಿಟ್ಟಳು.

"ನಿಮ್ಗೇನೂ ಮರೆತಿಲ್ಲ ಮಾಮ" ಎಂದಳು ಕೋಮಲ. "ನಾನು ನಿಮ್ ಅಂಗಡಿಗೆ ಬಂದೇ ಇಲ್ಲ. ಬಿಗಿದಿದ್ದು ನಾನು."