ಸಂಸಾರಸ್ಥರ ನೀರಿನ ಲೆಕ್ಕ

ನೀರು ಸರಬರಾಜು ಕಚೇರಿಯಲ್ಲಿ ಮುಂದಿನ ಮೂವತ್ತು ವರ್ಷಗಳ ಯೋಜನೆ ಗಂಡ ಹೆಂಡತಿ ಜೋಡಿಯೊಂದರ ಕೈಯಲ್ಲಿತ್ತು. ಊರಿಗೆ ಎಷ್ಟು ನೀರು ಬೇಕಾದೀತು ಎಂಬುದು ಹೆಂಡತಿಯ ಪಾಲಿಗೆ, ಎಷ್ಟು ಸಿಕ್ಕೀತು ಎಂಬುದು ಗಂಡನ ಪಾಲಿಗೆ. ಮನೆಯ ಮಾತು ಅಂಕಿಗಳಿಗೆ ಅಂಟಬಾರದೆಂದು ಚೀಫ್ ಇಂಜಿನಿಯರು ಇಬ್ಬರನ್ನೂ ಬೇರೆ ಬೇರೆ ಮಹಡಿಯಲ್ಲಿ ಕೂರಿಸಿದ್ದರು.

ಎರಡೂ ಲೆಕ್ಕಗಳನ್ನು ಒಂದೇ ಗ್ರಾಫಿನಲ್ಲಿ ಎಳೆದ ದಿನ ಗೆರೆಗಳ ನಡುವೆ ಲಾರಿ ನುಗ್ಗಿಸುವಷ್ಟು ಜಾಗ ಕಂಡಿತು. "ಇಷ್ಟು ಕೊರತೆ ಅಂದ್ರೆ ಅಣೆಕಟ್ಟೆ ಕಟ್ಟದೆ ಗತಿಯಿಲ್ಲ" ಎಂದ ಚೀಫ್, ಹಳೆಯ ಫೈಲಿನಿಂದ ಒಂದು ಕಣಿವೆಯನ್ನು ಹೊರತೆಗೆದರು. ಆ ಕಣಿವೆಯಲ್ಲಿ ಹೆಂಡತಿಯ ಅಕ್ಕ ಸಸಿ ಬೆಳೆಸಿ ಮಾರುತ್ತಿದ್ದಳು. ತಾಯಿಯಿಲ್ಲದ ತಂಗಿಯನ್ನು ಬೆಳೆಸಿದ್ದೂ ಅಲ್ಲೇ.

ಸುದ್ದಿ ತಿಳಿದ ಅಕ್ಕ ಫೋನಿನಲ್ಲಿ, "ನನ್ನ ಮನೆ ಮುಳುಗಿಸೋಕೆ ಇಬ್ಬರಿಗೆ ಸಂಬಳ ಯಾಕೆ? ಒಬ್ರು ಸಾಕಾಗ್ತಿರ್ಲಿಲ್ವಾ?" ಎಂದಳಷ್ಟೆ.

ಸಂಜೆ ಪಾತ್ರೆ ತೊಳೆಯುವಾಗ ಗಂಡ ಕೆಮ್ಮಿದ. ಕೆಮ್ಮೆಂದರೆ ಅವನಲ್ಲಿ ಪೀಠಿಕೆ.

"ಬೈಬೇಡ. ನೀನು ಅರ್ಧ ಬಕೆಟ್ಟಲ್ಲಿ ಸ್ನಾನ ಮುಗಿಸೋಳು. ಊರೂ ಹಾಗೇ ಅಂದ್ಕೊಂಡು ಕಮ್ಮಿ ಬರೆದಿರ್ತೀಯ, ಆಮೇಲೆ ನೀರು ಸಾಲದೆ ನಿನ್ನ ಹೆಸರು ಕೆಡುತ್ತೆ ಅಂತ, ನನ್ನ ಕಡೆ ಸಿಗೋ ನೀರನ್ನ ಸ್ವಲ್ಪ ಇಳಿಸಿದೆ."

ಹೆಂಡತಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದಳು.

"ಸ್ವಲ್ಪ ಅಂದ್ರೆ?"

"ಒಂದು ಕೆರೆಯಷ್ಟು."

"ರೀ, ನೀವು ಒಂದು ಮೋಡ ಕಂಡ್ರೆ ಗಿಡಕ್ಕೆ ನೀರು ಹಾಕೋದು ಬಿಡೋರು. ಸಿಗೋ ನೀರನ್ನ ಜಾಸ್ತಿ ಬರೆದಿರ್ತೀರ ಅಂತ ನಾನು ಊರಿನ ಬಾಯಾರಿಕೆ ಏರಿಸಿದೆ."

"ಎಷ್ಟು?"

"ನಂದೂ ಒಂದು ಕೆರೆ ಅಂತಿಟ್ಕೊಳ್ಳಿ."

ಒಬ್ಬರನ್ನೊಬ್ಬರು ಇಷ್ಟು ಚೆನ್ನಾಗಿ ಅರಿತ ದಂಪತಿಗಳ ಕೈಗೆ ಯಾವ ಸರ್ಕಾರವೂ ಅಂಕಿ ಕೊಡಬಾರದು.

ಬೆಳಿಗ್ಗೆ ಚೀಫ್ ಕೋಣೆಯ ಮುಂದೆ "ನೀವು ಹೇಳಿ", "ನೀನೇ ಹೇಳು" ಎಂದು ತಳ್ಳಾಡಿ, ಕೊನೆಗೆ ಇಬ್ಬರೂ ಒಟ್ಟಿಗೆ ಒಪ್ಪಿಕೊಂಡರು. ಲೆಕ್ಕದಲ್ಲಿ ಆ ಎರಡು ಕೆರೆಯಷ್ಟು ತಪ್ಪನ್ನು ಸರಿಪಡಿಸಿದ ಮೇಲೂ ಕೊರತೆ ಇತ್ತು. ಆದರೆ ಸೋರುವ ಹಳೆಯ ಪೈಪುಗಳನ್ನು ಬದಲಿಸಿದರೆ ತುಂಬಿಬಿಡುವಷ್ಟು.

"ಸರಿ, ಅಣೆಕಟ್ಟೆ ಬೇಡ, ಪೈಪು ನೋಡೋಣ" ಎಂದ ಚೀಫ್ ಗಂಡನತ್ತ ತಿರುಗಿದರು. "ಮುಂದಿನ ಸಲ ಪ್ರೀತಿ ಉಕ್ಕಿದ್ರೆ ಹೂವು ಕೊಡಿ ಮಾರಾಯ್ರೆ. ಕೆರೆ ಬೇಡ."

ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಆ ಕಡೆಯಿಂದ ತುಂಬ ಹೊತ್ತು ಬರೀ ನಗು.

"ನಿಮ್ಮಿಬ್ಬರ ಜೋಡಿ ಮಾಡಿದ್ದು ನಾನೇ ಅಲ್ವೇನೇ. ಮುಳುಗಿದ್ರೂ ಯಾರನ್ನ ಬೈಯೋ ಹಾಗಿತ್ತು?"