ಪೂಜೆಗೆ ಬಂದ ಗಿರಾಕಿಗಳು

ಹಿರಿಯೂರಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ಇಂಟರ್‌ನೆಟ್ ವೈರು ಎಳೆದವನು ನಾನು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಏಕಾಂತಮ್ಮನಂಥವರು ಕೇಳದೆಯೇ ಮಜ್ಜಿಗೆ ಕೊಡುತ್ತಾರೆ, ಎಲ್ಲ ನನಗೆ ಗೊತ್ತು. ಕಂಪನಿ ಲಕ್ಷ್ಮೀಕಾಂತಣ್ಣನದು. ಊರಿಗೆ ಫೋನ್ ಲೈನಿನಲ್ಲೇ ವೇಗದ ಬ್ರಾಡ್‌ಬ್ಯಾಂಡ್ ಬಂದಿದ್ದೇ ಬಂದಿದ್ದು, ನಮ್ಮದು ನೆಲ ಕಚ್ಚಿತು. 2006ರ ಶ್ರಾವಣದ ಹೊತ್ತಿಗೆ ದಿವಾಳಿ.

ಕೊಳ್ಳಲು ಚಿತ್ರದುರ್ಗದಿಂದ ಮೂರ್ತಪ್ಪ ಎಂಬ ಆಸಾಮಿ ಬಂದ. ಸಾಮಾನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಇದೆಲ್ಲ ಗುಜರಿಗೆ ಹೋಗೋದು. ನಂಗೆ ಬೇಕಾಗಿರೋದು ಲೈನು ಇರೋ ಮನೆಗಳು. ಸೋಮವಾರ ಎಷ್ಟು ಮನೆ ಉಳಿದಿರ್ತಾವೋ ಅಷ್ಟೇ ನಿಮ್ಮ ಕಂಪನಿ. ಮನೆ ಉಳಿದ್ರೆ ಈ ಮಂಜಣ್ಣನ ಕೆಲಸಾನೂ ಉಳಿತೈತೆ."

ನನಗೆ ಹೋದ ಜೀವ ಬಂದಂತಾಯಿತು. ಇದೇ ವೈರು ಎಳೆಯುವಾಗ ಬಿದ್ದು ಕಾಲು ಮುರಿದುಕೊಂಡವನು ನಾನು. ಕುಂಟನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಲಕ್ಷ್ಮೀಕಾಂತಣ್ಣನ ಹೆಂಡತಿ ಅನುಸೂಯಕ್ಕ ಒಂದು ಉಪಾಯ ಹೇಳಿದರು. "ಶುಕ್ರವಾರ ಆಫೀಸಲ್ಲಿ ಲಕ್ಷ್ಮಿ ಪೂಜೆ ಇಟ್ಕಳಾಣ. ಗಿರಾಕಿಗಳ್ನೆಲ್ಲ ಮನೆಗೇ ಹೋಗಿ ಕರೆಯಾಣ. ಕುಂಕುಮ ಕೊಟ್ಟು ಕರೆದೋರ್ನ ಯಾರು ಕೈಬಿಡ್ತಾರೆ?"

ಹೋದೆವು. ಅಕ್ಕ ಪ್ರತಿ ಮನೆಯಲ್ಲೂ ಕುಂಕುಮ ಕೊಟ್ಟು, "ತಪ್ಪದೆ ಬರ್ರಿ. ಇದೊಂದು ತಿಂಗ್ಳು ಲೈನು ಬಿಡಬೇಡ್ರಿ" ಎಂದರು. ಒಬ್ಬರೂ ಇಲ್ಲ ಎನ್ನಲಿಲ್ಲ. ಕಾಫಿ ಕೊಟ್ಟೇ ಕಳಿಸಿದರು.

ಶುಕ್ರವಾರ ಜಮಖಾನ ಸಾಲದಷ್ಟು ಜನ. ಅಕ್ಕನ ಕಣ್ಣಲ್ಲಿ ನೀರು. ನಾನು ಪುಳಿಯೋಗರೆ ಬಡಿಸುತ್ತಿದ್ದೆ.

"ಸಂಜೆ ಹೊತ್ತು ನಿಮ್ಮನೇಲೂ ನೆಟ್ಟು ಬರಲ್ವಾ?" ಒಬ್ಬ ಹೆಂಗಸು ಪಕ್ಕದವಳನ್ನು ಕೇಳಿದಳು. "ನಮ್ಮನೇದು ಮಾತ್ರ ಕೆಟ್ಟೈತೆ ಅಂದಿದ್ರು ಇವ್ರು."

"ನಮಗೂ ಹಂಗೇ ಹೇಳವ್ರೆ!"

"ಒಂದು ತಿಂಗ್ಳು ಬಿಡಬೇಡ್ರಿ ಅಂತ ನಿಮ್ಗೂ ಅಂದ್ರಾ? ಹಂಗಾರೆ ಎಲ್ರೂ ಬಿಡ್ತಾವ್ರೆ ಅನ್ನಿ."

ಅಲ್ಲಿಯವರೆಗೆ ಒಂದು ಮನೆಯ ಗೋಳು ಇನ್ನೊಂದು ಮನೆಗೆ ಗೊತ್ತಿರಲಿಲ್ಲ. ಅಷ್ಟೂ ಜನರನ್ನು ಒಂದೇ ಜಮಖಾನದ ಮೇಲೆ ಕೂರಿಸಿ, ದೇವರ ಮುಂದೆ ನಾವೇ ಗುಟ್ಟು ರಟ್ಟು ಮಾಡಿದ್ದೆವು. ಯಾರ ಮೇಲೆ ಸಿಟ್ಟು ಮಾಡಲಿ?

ಶನಿವಾರ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಪಕ್ಕದವರು ಬಿಟ್ಟರೆಂದು ಇವರು, ಇವರು ಬಿಟ್ಟರೆಂದು ಎದುರು ಮನೆಯವರು. ಮುಳುಗುವ ಕಂಪನಿಯಲ್ಲಿ ಕೊನೆಯವರಾಗಲು ಯಾರಿಗೂ ಇಷ್ಟವಿರಲಿಲ್ಲ.

ಸೋಮವಾರ ಮೂರ್ತಪ್ಪ ಬಂದ. ಮನೆಗೊಂದು ಹಸಿರು ದೀಪ ಉರಿಯುವ ಪೆಟ್ಟಿಗೆಯ ಮುಂದೆ ನಿಂತ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲ ಕತ್ತಲೆ.

"ಇಷ್ಟಕ್ಕೆ ಕಂಪನಿ ಯಾಕ್ರಿ? ತಾಮ್ರದ ವೈರು ತೂಕಕ್ಕೆ ತಗಂತೀನಿ," ಎಂದ. ನನ್ನ ಕಡೆ ತಿರುಗಿ, "ಬಿಚ್ಚೋಕೆ ನೀನೇ ಬಾರಪ್ಪ, ಕೂಲಿ ಕೊಡ್ತೀನಿ. ಅದು ಮುಗಿದ್ರೆ ನಿಂದೂ ಮುಗೀತು."

ಕುಂಟುತ್ತಲೇ ಅವೇ ಮಾಳಿಗೆಗಳನ್ನು ಮತ್ತೆ ಹತ್ತಿದೆ. ಏಕಾಂತಮ್ಮ ಎಂದಿನಂತೆ ಮಜ್ಜಿಗೆ ತಂದರು. ಕಿಟಕಿಯಿಂದ ವೈರನ್ನು ತಾವೇ ಬಿಡಿಸಿ ಕೈಗಿಟ್ಟು, "ಪೂಜೆ ಭಾಳ ಚೆನ್ನಾಗಿತ್ತು ಕಣಪ್ಪ" ಎಂದರು. ನಾನು ವೈರು ಸುತ್ತಿಕೊಂಡೆ.

ಸಂಜೆ ಸುರುಳಿಗಳನ್ನು ಹೊತ್ತು ಆಫೀಸಿಗೆ ಬಂದೆ. ಅನುಸೂಯಕ್ಕ ಒಣಗಿದ ಹೂ ಗುಡಿಸುತ್ತಿದ್ದರು.

"ಜನ ಏನಂದ್ರು ಮಂಜಣ್ಣ?"

"ಪೂಜೆ ಚೆನ್ನಾಗಿತ್ತು ಅಂದ್ರಕ್ಕ."

ಅಕ್ಕನ ಮುಖ ಅರಳಿತು. "ನೋಡ್ದ್ಯಾ? ಮೊದ್ಲೇ ಕರೆದಿದ್ರೆ ಒಬ್ರೂ ಬಿಡ್ತಿರಲಿಲ್ಲ."

ನಾನು ವೈರನ್ನು ಮೂರ್ತಪ್ಪನ ತಕ್ಕಡಿಗೆ ಹಾಕಿದೆ.