ಅಕ್ಕನಿಗೆ ಆಗದ ಔಷಧ

ನಮ್ಮೂರು ಹುಕ್ಕೇರಿಯ ಡಾಕ್ಟರು ಅಕ್ಕನ ಬಗ್ಗೆ ಹೇಳಿದ ಮಾತು ನಮ್ಮವ್ವನಿಗೆ ಚೆನ್ನಾಗಿ ನೆನಪಿತ್ತು. ಮರೆತುಹೋಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅಕ್ಕ ಪದ್ಮವ್ವನಿಗೆ ಮೂಡಲಗಿಯ ಸಂಬಂಧ ಬಂದು ಮಾತುಕತೆ ನಡೆದಿದ್ದ ದಿನಗಳವು. ಅಂಗಾಲಿಗೆ ಮುಳ್ಳು ನೆಟ್ಟು ಕೀವು ತುಂಬಿತ್ತು. ಹುಕ್ಕೇರಿಯ ಡಾಕ್ಟರು ಸೊಂಟಕ್ಕೆ ಪೆನಿಸಿಲಿನ್ ಚುಚ್ಚಿದರು. ನಮ್ಮ ಕಡೆಗೆ ಅದು ಆಗ ಹೊಸ ಔಷಧ, ಸತ್ತವರನ್ನೂ ಎಬ್ಬಿಸುತ್ತದೆ ಎಂದು ಜನ ಹೊಗಳುತ್ತಿದ್ದರು. ದವಾಖಾನೆಯ ಕಟ್ಟೆ ಇಳಿಯುವುದರೊಳಗೆ ಅಕ್ಕನ ಮೈತುಂಬ ದದ್ದು ಎದ್ದವು, ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಡಾಕ್ಟರೇ ಓಡಿಬಂದು ಇನ್ನೊಂದು ಸೂಜಿ ಹಾಕಿ ಉಳಿಸಿದರು.

"ಈ ಔಷಧ ಈಕಿಗೆ ಆಗಂಗಿಲ್ಲ," ಎಂದರು. "ಇನ್ನೊಮ್ಮೆ ಕೊಟ್ರ ಉಳಿಯೂದು ಕಷ್ಟ. ಯಾವ ದವಾಖಾನಿಗೆ ಹೋದ್ರೂ ಮೊದಲ ಇದನ್ನ ಹೇಳ್ರಿ."

ಅವ್ವ ತಲೆ ಆಡಿಸಿದಳು. ಮನೆಗೆ ಬಂದು ಬಾಗಿಲು ಮುಂದೆ ಮಾಡಿ ನಮ್ಮಿಬ್ಬರಿಗೂ ಹೇಳಿದಳು: "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಹುಡುಗಿಗೆ ಏನೋ ರೋಗ ಐತಿ ಅಂತ ಮೂಡಲಗಿಯವರು ಹಿಂದ ಸರೀತಾರ."

ಮದುವೆ ಆಯಿತು. ಮೊದಲ ಹೆರಿಗೆ ನಮ್ಮ ಮನೆಯಲ್ಲಿ ಸುಸೂತ್ರವಾಗಿ ಮುಗಿಯಿತು. ಎರಡನೆಯದು ಮೂಡಲಗಿಯಲ್ಲಾಯಿತು, ಬಾಣಂತನಕ್ಕೆಂದು ಅವ್ವನೂ ನಾನೂ ಹೋದೆವು. ಅಕ್ಕನಿಗೆ ಜ್ವರ ಏರಿತು, ಮಾತು ತೊದಲಿತು. ಅವಳ ಅತ್ತೆ ಶೆಟ್ಟೆವ್ವ ಒಂದು ಗಳಿಗೆಯೂ ತಡಮಾಡದೆ ಮೋಟಾರು ಹತ್ತಿಸಿ ಗೋಕಾಕದ ದವಾಖಾನೆಗೆ ಕರೆತಂದಳು. ಒಳ್ಳೆಯ ಹೆಂಗಸು. ನನಗೆ ಸಂಕಟವಾಗುವುದೂ ಅದಕ್ಕೇ.

ನಾನು ಪಡಸಾಲೆಯಲ್ಲಿ ಕೂಸನ್ನು ಸಮಾಧಾನ ಮಾಡುತ್ತಿದ್ದಾಗ ಒಳಗೆ ಡಾಕ್ಟರು ಕೇಳಿದರಂತೆ: "ಈ ಮೊದಲ ಪೆನಿಸಿಲಿನ್ ಕೊಟ್ಟಾರೇನ್ರಿ? ಮೈಮ್ಯಾಲೆ ದದ್ದು ಎದ್ದದ್ದು, ಉಸಿರು ಕಟ್ಟಿದ್ದು ಏನರ ಐತೇನು?"

ಶೆಟ್ಟೆವ್ವ ಸೊಸೆಯ ಪಾದ ತಿಕ್ಕುತ್ತ ಅಲ್ಲೇ ಕೂತಿದ್ದಳು. ಅವ್ವ ಅವಳ ಕಡೆ ಒಮ್ಮೆ ನೋಡಿ, "ಇಲ್ರಿ, ನಮ್ಮ ಹುಡುಗಿ ಗಟ್ಟಿಮುಟ್ಟ," ಎಂದಳು. ಬೀಗತಿ ಹೊರಗೆ ಹೋದ ಮೇಲೆ ಡಾಕ್ಟರ ಕಿವಿಯಲ್ಲಿ ಹಾಕಬೇಕು ಎಂದುಕೊಂಡಿದ್ದಳಂತೆ. ಬೀಗತಿ ಸೊಸೆಯನ್ನು ಬಿಟ್ಟು ಏಳಲೇ ಇಲ್ಲ.

ಕೂಸಿಗೆ ಹಾಲು ಕುಡಿಸಬೇಕೆಂದು ನಾನು ಒಳಗೆ ಬಂದಾಗ ಗೂಟಕ್ಕೆ ಗಾಜಿನ ಬಾಟಲಿ ತೂಗಾಡುತ್ತಿತ್ತು, ಅದರ ನಳಿಕೆ ಅಕ್ಕನ ತೋಳಿಗೆ ಇಳಿದಿತ್ತು.

"ಏನ್ರೀ ಇದು?" ಎಂದು ನರ್ಸಬಾಯಿಯನ್ನು ಕೇಳಿದೆ.

"ಪೆನಿಸಿಲಿನ್. ನರಕ್ಕ ಕೊಟ್ರ ಲಗೂನ ರಕ್ತಕ್ಕ ಸೇರತೈತಿ. ಈಗಷ್ಟ ಬಿಟ್ಟೇನಿ."

"ತಗೀರಿ ಅದನ್ನ! ಅಕ್ಕಗ ಆಗಂಗಿಲ್ರಿ ಅದು!" ಎಂದು ಕಿರುಚಿದೆ. ಕೂಸು ಬೆದರಿ ಅತ್ತಿತು. ಅವ್ವ ನನ್ನ ರಟ್ಟೆ ಹಿಡಿದು ಜಗ್ಗಿದಳು. ಆ ಹೊತ್ತಿನಲ್ಲೂ ನನ್ನ ಬಾಯಿ ಮುಚ್ಚಿಸುವುದೇ ಅವಳಿಗೆ ಮುಖ್ಯವಾಗಿತ್ತು.

ನರ್ಸಬಾಯಿ ನಳಿಕೆಯನ್ನು ಬಿಗಿದು ಡಾಕ್ಟರನ್ನು ಕೂಗಿದಳು. ಅಷ್ಟರಲ್ಲಿ ಅಕ್ಕನ ತುಟಿ ಹುಕ್ಕೇರಿಯಲ್ಲಿ ಊದಿದಂತೆಯೇ ಊದಿತ್ತು. ಡಾಕ್ಟರು ಸೂಜಿಯ ಮೇಲೆ ಸೂಜಿ ಹಾಕಿದರು, ಎದೆ ಒತ್ತಿದರು. ಅಕ್ಕ ಉಳಿಯಲಿಲ್ಲ.

ಆಮೇಲೆ ಡಾಕ್ಟರು ಕಪಾಟು ತೆರೆದು ಒಂದು ಸೀಸೆ ತೆಗೆದು ಅವ್ವನ ಮುಂದೆ ಹಿಡಿದರು. "ಬ್ಯಾರೆ ಔಷಧ ಇತ್ತವ್ವಾ. ಇಲ್ಲೇ ಇತ್ತು. ಹೇಳಿದ್ರ ಇದನ್ನ ಕೊಡತಿದ್ದೆ."

"ಬೀಗತಿ ಹೊರಗ ಹೋದ ಮ್ಯಾಲೆ ಹೇಳಬೇಕಂತ ಕಾದಿದ್ದೆ," ಎಂದು ಅವ್ವ ಆಗ ಬಾಯಿಬಿಟ್ಟಳು. ಶೆಟ್ಟೆವ್ವ ಎದೆ ಬಡಿದುಕೊಂಡು ಅತ್ತಳು: "ನಾ ಎದ್ದು ಹೊರಗ ಹೋಗಿದ್ರ ನನ್ನ ಸೊಸಿ ಉಳೀತಿದ್ಲೇನ್ರೆವ್ವಾ?"

ಅಕ್ಕನ ದಿನಕರ್ಮ ಮುಗಿಸಿದ ಮೇಲೆ ಶೆಟ್ಟೆವ್ವ ಕೂಸನ್ನು ಎತ್ತಿಕೊಂಡು ಹುಕ್ಕೇರಿಗೆ ಬಂದಳು. ನನ್ನನ್ನು ಭಾವ ಗುಡ್ಡಪ್ಪನಿಗೆ ಕೊಡಬೇಕಂತೆ, ಮಕ್ಕಳಿಗೆ ಚಿಕ್ಕವ್ವನೇ ತಾಯಿಯಾಗಲಿ ಅಂತ. ಅವ್ವನ ಮುಖ ಅರಳಿದ್ದನ್ನು ಕಣ್ಣಾರೆ ಕಂಡೆ. ಅಕ್ಕ ಬಿಟ್ಟುಹೋಗಿದ್ದ ಸೀರೆ ಇನ್ನೂ ನಮ್ಮ ಬಟ್ಟೆಯ ಗಳದ ಮೇಲೆಯೇ ಇತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಚಹಾ ಕುಡಿಯುತ್ತ ಶೆಟ್ಟೆವ್ವ ತಡವರಿಸಿದಳು. "ಸಿಟ್ಟಾಗಬ್ಯಾಡ್ರಿ ಬೀಗತಿ, ಒಂದ ಮಾತ ಕೇಳತೇನಿ. ನಿಮ್ಮ ಸಣ್ಣಾಕಿ ಮರೆವ್ವಗೂ ಆ ಔಷಧ ಆಗಂಗಿಲ್ಲೇನು?"

"ಇಲ್ರಿ, ಹಂಗೇನಿಲ್ಲ. ಈಕಿ ಗಟ್ಟಿಮುಟ್ಟ," ಎಂದು ಅವ್ವ ತಟ್ಟನೆ ಹೇಳಿದಳು.

ಅದೇ ಮಾತು. ನನ್ನ ಮೈ ಉರಿಯಿತು. ನಾನು ಹುಟ್ಟಿದಾಗಿನಿಂದ ಒಂದು ಸೂಜಿಯನ್ನೂ ಚುಚ್ಚಿಸಿಕೊಂಡವಳಲ್ಲ. ಅಡುಗೆಮನೆಯಿಂದ ಹೊರಗೆ ಬಂದು ನಿಂತೆ.

"ನನಗೂ ಆಗಂಗಿಲ್ರಿ," ಎಂದೆ. "ಅಕ್ಕಗ ಆದದ್ದ ನನಗೂ ಆಗೈತಿ. ಅವ್ವ ಮುಚ್ಚಿಡಾಕತ್ತಾಳ."

ಶೆಟ್ಟೆವ್ವ ಚಹಾದ ಬಸಿ ಕೆಳಗಿಟ್ಟಳು. ನನ್ನನ್ನು ಬೈಯಲಿಲ್ಲ. ಕೂಸಿನ ತಲೆಗೆ ಸೆರಗು ಮುಚ್ಚಿ, "ಹೇಳಿದ್ದು ಚಲೋ ಆತು ತಂಗಿ," ಎಂದು ಎದ್ದಳು. ಹೊಸಿಲು ದಾಟುವಾಗ ಕೂಸು ಅವಳ ಹೆಗಲ ಮೇಲೆ ಅಳತೊಡಗಿತು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಅವ್ವ ಬಾಗಿಲು ಹಾಕಿ ನನ್ನ ಮೇಲೆ ಬಿದ್ದಳು. "ಯಾಕ ಸುಳ್ಳ ಹೇಳಿದಿ? ಇನ್ನ ನಿನ್ನ ಯಾರ ಮಾಡ್ಕೋತಾರ?"

"ಗೋಕಾಕದಾಗ ನೀ ಹೇಳಬೇಕಾಗಿದ್ದ ಮಾತು," ಎಂದೆ. "ಇಲ್ಲಿ ನಾ ಹೇಳಿದೆ."